ಪಿಂಗಾಣಿ ಮನೆಯ ಹೊಗೆಗೂಡು

ಕೋವಿಡ್ ಬರುವ ಮುಂಚಿನ ಚಳಿಗಾಲ, 2019. ಆಗ ನಾನು ಔರಾದಿನ ಆಸ್ಪತ್ರೆಯೊಂದರಲ್ಲಿ ವೈದ್ಯೆ. ಒಂದು ಮಧ್ಯಾಹ್ನ ಎಕಂಬಾದ ನಾಗಮ್ಮ, ತವರಿಗೆ ಬಂದಿದ್ದ ಬಾಣಂತಿ ಮಗಳು ಸವಿತಾಳನ್ನು ಜೀಪಿನಲ್ಲಿ ಕರೆತಂದರು. ಎರಡು ದಿನದಿಂದ ತಲೆನೋವು, ವಾಂತಿ, ಬೆಳಿಗ್ಗೆಯಿಂದ ಎಚ್ಚರವಿಲ್ಲ. ಕೂಸೂ ಹಾಲು ಬಿಟ್ಟು ಸೋತು ಮಲಗಿತ್ತು.

ಜ್ವರವಿಲ್ಲ, ಬಿಪಿ ಸರಿಯಿದೆ, ನಂಜಿನ ಗುರುತಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತು. ಅಂದರೆ ರಕ್ತದಲ್ಲಿ ಆಕ್ಸಿಜನ್ ಸಾಕಷ್ಟಿದೆ. ಆದರೂ ಇಬ್ಬರೂ ಕಣ್ಣೆದುರೇ ಕೈಬಿಟ್ಟು ಹೋಗುತ್ತಿದ್ದರು. ನನಗೆ ದಿಕ್ಕೇ ತೋಚಲಿಲ್ಲ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ನಾಗಮ್ಮ ಒಂದು ಗಂಟು ಬಿಚ್ಚಿ, ಲೋಬಾನ ಹಾಕಲು ಕೆಂಡ ಸಿಗುತ್ತದೆಯೇ ಎಂದು ನರ್ಸನ್ನು ಕೇಳಿದರು. ಬಾಣಂತಿಗೆ ಧೂಪ ತಪ್ಪಿಸಬಾರದಂತೆ. ಗಂಟಿನಲ್ಲಿದ್ದದ್ದು ಪಿಂಗಾಣಿಯ ಪುಟ್ಟ ಮನೆ: ಗೋಡೆಗೆ ಗುಲಾಬಿ ಬಳ್ಳಿ, ಮೇಲೆ ಹೊಗೆಗೂಡು. ಮನೆ ಘಮಘಮಿಸಲೆಂದು ಇಂಗ್ಲಿಷರು ಸುಗಂಧದ ಗುಳಿಗೆ ಸುಡುತ್ತಿದ್ದ ಹಳೆಯ ಪಾತ್ರೆ. ನಾಗಮ್ಮನ ಅಜ್ಜ ಸಾಹೇಬರೊಬ್ಬರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಾಗ ಸಿಕ್ಕಿದ್ದಂತೆ. ಒಂದು ಗುಳಿಗೆಯ ಜಾಗದಲ್ಲಿ ಇವರು ಹಗಲೂ ರಾತ್ರಿ ಇದ್ದಿಲು ತುಂಬಿ ಉರಿಸಿದ್ದರು. ಅದಿನ್ನೂ ಬೆಚ್ಚಗಿತ್ತು.

ಬಾಣಂತಿಯ ಕೋಣೆ ಹೇಗಿದೆ ಎಂದು ಕೇಳಿದೆ. ಹಸಿಮೈಗೆ ಗಾಳಿ ತಾಗಬಾರದೆಂದು ಕಿಟಕಿಗೆ ಗೋಣಿಚೀಲ, ಬಾಗಿಲ ಸಂದಿಗೆ ಅರಿವೆ ತುರುಕಿದ್ದರು.

"ಹೊಗಿದು ಚಿಂತಿ ಇಲ್ಲರಿ ಡಾಕ್ಟರ್‌ಬಾಯಿ. ಇದಕ್ಕ ಮ್ಯಾಲ ಗೂಡ ಅದ, ಹೊಗಿ ಹೊರಗ ಹೋಗ್ತದ."

"ಯಾತರ ಹೊರಗ, ನಾಗಮ್ಮಾ?"

ಆಕೆ ಪಿಂಗಾಣಿ ಮನೆಯ ಗೂಡಿನೊಳಗೆ ಇಣುಕಿದರು. ಅದರಿಂದ ಹೊರಬಿದ್ದ ಹೊಗೆ ಸೇರುತ್ತಿದ್ದದ್ದು ಆ ಮುಚ್ಚಿದ ಕೋಣೆಗೇ.

ಕಾರ್ಬನ್ ಮಾನಾಕ್ಸೈಡ್. ಮುಚ್ಚಿದ ಕೋಣೆಯ ಕೆಂಡದಿಂದ ಹುಟ್ಟುವ, ವಾಸನೆಯಿಲ್ಲದ ವಿಷಾನಿಲ. ರಕ್ತದಲ್ಲಿ ಆಕ್ಸಿಜನ್ನಿನ ಜಾಗವನ್ನು ಅದು ಹಿಡಿದುಬಿಡುತ್ತದೆ. ಎರಡರ ವ್ಯತ್ಯಾಸ ಆಕ್ಸಿಮೀಟರಿಗೆ ತಿಳಿಯದು. ಇಬ್ಬರಿಗೂ ಆಕ್ಸಿಜನ್ ಮಾಸ್ಕ್ ಹಾಕಿ, ಆಂಬುಲೆನ್ಸಿನಲ್ಲಿ ನಾನೇ ಬೀದರಿಗೆ ಹೊರಟೆ. ದಾರಿಯಲ್ಲಿ ಕೂಸಿನ ಉಸಿರು ನಿಂತಿತು. ಕೈಯಿಂದ ಗಾಳಿಚೀಲ ಒತ್ತುತ್ತಾ, ಕಂಡ ಕಂಡ ದೇವರನ್ನೆಲ್ಲ ಬೇಡಿಕೊಂಡೆ. ಭಾಲ್ಕಿಯ ಬೀಗರಿಗೆ ಯಾವ ಮುಖ ತೋರಿಸಲಿ ಎಂದು ನಾಗಮ್ಮ ಒಂದೇ ಸಮನೆ ಹಲುಬುತ್ತಿದ್ದರು. ಬೀದರ್ ಹತ್ತಿರವಾದಾಗ ಕೂಸಿನ ಉಸಿರು ಮರಳಿತು.

ಸಂಜೆಗೆ ಸವಿತಾ ಕಣ್ಣು ಬಿಟ್ಟಳು. ಮರುದಿನ ಕೂಸು ಗಟ್ಟಿಯಾಗಿ ಅತ್ತಿತು. ಭಾಲ್ಕಿಯಿಂದ ಅಳಿಯನೂ ಬಂದ. ನಾಗಮ್ಮ ಮಾತ್ರ ವರಾಂಡದಿಂದ ಏಳಲಿಲ್ಲ.

"ಒಳಗ ಬರಲ್ಲರಿ. ನನ್ನ ಕೈ ಇನ್ನ ಕೂಸಿಗಿ ಹತ್ತಬಾರದು."

ಅವರಿಗೆ ಬಯ್ಯಬೇಕೆಂದು ಹಿಂದಿನ ದಿನವೆಲ್ಲ ಮಾತು ಜೋಡಿಸಿಕೊಂಡಿದ್ದೆ. ಎಲ್ಲ ಬದಿಗಿಟ್ಟೆ. ಒಳಗಿಂದ ಕೂಸನ್ನು ತಂದು ಅವರ ಉಡಿಯಲ್ಲಿ ಹಾಕಿದೆ. ಬಹಳ ಹೊತ್ತು ಅವರು ಕೈ ಎತ್ತಲೇ ಇಲ್ಲ. ನಾನೂ ಅಲ್ಲೇ ಕುಳಿತೆ. ಕಾರಣ ಸಿಕ್ಕರೆ ಚಿಕಿತ್ಸೆ ಮುಗಿದಂತೆ ಎಂದುಕೊಂಡಿದ್ದವಳು ನಾನು. ಪ್ರೀತಿಯೇ ಕಾರಣವಾಗಿದ್ದರೆ, ಪ್ರೀತಿಸಿದವರನ್ನೂ ಬದುಕಿಸಬೇಕಾಗುತ್ತದೆ.