ಗುಂತಕಲ್ಲಿನ ಮ್ಯಾಚೂ ನಮ್ಮಾತನ ಸಿಳ್ಳೂ

ಕುಂತಲ್ಲಿ ಕುಂಡ್ರಲಾರದ, ನಿಂತಲ್ಲಿ ನಿಲ್ಲಲಾರದ ಮನುಷ್ಯ ನಮ್ಮಾತ. ಗಂಡನ ಹೆಸರು ನಾನು ಬಾಯಿಬಿಟ್ಟು ಹೇಳಾಕಿ ಅಲ್ಲ. ಊರಾಗ ಎಲ್ಲಾರೂ ಕುರಿ ಸುಂಕಪ್ಪ ಅಂತಾರ, ನೀವೂ ಹಂಗ ಅನ್ರಿ. ಅಯ್ಯ ಶಿವನೇ, ಹೇಳೇ ಬಿಟ್ನೆಲ್ಲ! ಇರಲಿ ಬಿಡ್ರಿ.

ಉಣ್ಣಾಕ ಕುಂತ್ರ ರೊಟ್ಟಿ ಕೈಯಾಗ ಹಿಡಕೊಂಡು ಅಂಗಳ ಸುತ್ತೋನು. ಮಲಗಿದ್ರ ಕಾಲು ಆಡಿಸೋನು. ಕುರಿ ಕಾಯೋದು ಬಿಟ್ಟು ಬ್ಯಾರೆ ಕಸುಬು ಆತನ ಕೈಲಿ ಆಗ್ತಿದ್ದಿಲ್ಲ. ಕುರಿ ನಡೀತಿದ್ವು, ಈತನೂ ನಡೀತಿದ್ದ. ಒಬ್ಬರಿಗೊಬ್ಬರು ಸರಿಹೋಗಿದ್ರು.

ಆತನ ಹತ್ರ ಎರಡು ಸಿಳ್ಳು ಇದ್ವು. ಕೈಯಾಗಿನ ಎರಡು ಬೆಳ್ಳು ನಾಲಿಗಿ ಕೆಳಗ ಇಟ್ಟು ಹೊಡದ್ರ ಆದವಾನಿ ಗುಡ್ಡಕ್ಕ ಕೇಳಬೇಕು. ಮುಂಜಾನಿ ಕುರಿ ಬಿಡೋವಾಗ ಹೊಡಿಯೋದು ಹೋಗೋ ಸಿಳ್ಳು. ಉದ್ದಕ್ಕ, ಒಂದೇ ಉಸಿರಿಗೆ, ಎಲ್ಲೂ ಕಡಿಯಂಗಿಲ್ಲ. ಸಂಜಿಗೆ ಹೊಡಿಯೋದು ಬರೋ ಸಿಳ್ಳು. ಅದು ನಡುವ ಮುರದು, ಕೆಳಗ ಇಳೀತೈತಿ. ಹೋಗೋದು ಕೇಳಿದ್ರ ಕುರಿ ಮೇವಿಗೆ ಹೊರಡ್ತಿದ್ವು, ಬರೋದು ಕೇಳಿದ್ರ ಬಾಯಾಗಿನ ಹುಲ್ಲು ನುಂಗದಂಗ ತಿರುಗ್ತಿದ್ವು.

ಕುರಿ ಅಷ್ಟೇ ಅಲ್ಲರಿ, ನಮ್ಮ ಮೈದುನ ಉರುಕುಂದಪ್ಪನೂ ಹಂಗ. ನಾನು ಮದುವಿ ಆಗಿ ಬಂದಾಗ ಅವನು ನನ್ನ ಮೊಣಕಾಲು ಎತ್ತರ ಇದ್ದ. ತಾಯಿ ಸತ್ತಿದ್ಲು. ಅಣ್ಣನ ಹಿಂದ, ಕುರಿ ಹಿಂದ ಬೆಳದ. ಬಾವಿ ದಂಡಿಗೆ ಹೋದನೋ, ಬಂಡಿಗಲ್ಲು ಹತ್ತಿದನೋ, ನಾನು ಒದರಿ ಒದರಿ ಗಂಟಲು ಹರಕೊಂಡ್ರೂ ಕಿವಿ ಕೊಡ್ತಿದ್ದಿಲ್ಲ. ಅಣ್ಣನ ಬರೋ ಸಿಳ್ಳು ಒಂದು ಬಂತಂದ್ರ ಎದ್ದೂ ಬಿದ್ದೂ ಓಡಿ ಬರ್ತಿದ್ದ.

ದೊಡ್ಡಾವ ಆದ ಮ್ಯಾಲೆ ಆದವಾನಿ ಹತ್ತಿ ಮಿಲ್ಲಿನಾಗ ಮೂಟಿ ಹೊರಾಕ ಹೋದ. ಅಲ್ಲಿ ಮಿಲ್ಲಿನವರು ಸಂಜಿಗೆ ಫುಟ್‌ಬಾಲ್ ಆಡ್ತಿದ್ರು. ಇವನೂ ಸೇರ್ಕೊಂಡ. ಕುರಿ ಹಿಂದ ಓಡಿದ ಕಾಲು ಯಾರಿಗೆ ಸಿಗ್ತಾವ? ವರ್ಷ ತುಂಬೋದ್ರಾಗ ಮಿಲ್ಲಿನ ಟೀಮಿನಾಗ ಮುಂದ ನಿಂತು ಗೋಲು ಹೊಡಿಯೋ ಆಟಗಾರ ಅವನೇ ಆದ. ಆದ್ರ ಮಿಲ್ಲಿನ ಕೆಲಸ ಏನು, ಹತ್ತಿ ಇರೋತನಕ. ಹತ್ತಿ ಮುಗೀತು, ನೀನೂ ನಡಿ ಮನಿಗೆ.

ಒಂದು ದಿನ ಅವರ ಕ್ಯಾಪ್ಟನ್ ಮೌಲಾಲಿ ನಮ್ಮ ಹಟ್ಟಿಗೆ ಬಂದ. "ಸುಂಕಪ್ಪಣ್ಣ, ಗುಂತಕಲ್ಲಿನಾಗ ರೈಲ್ವೆಯವರ ಕೂಡ ಮ್ಯಾಚ್ ಐತಿ. ಅವರ ಫೋರ್ಮನ್ ದೊರಿ ಒಳ್ಳೆ ಆಟಗಾರ ಕಂಡ್ರ ಇಂಜಿನ್ ಶೆಡ್ಡಿನಾಗ ಕೆಲಸಕ್ಕ ತಗೋತಾನ. ಉರುಕುಂದನ ಬಗ್ಗೆ ಕೇಳ್ಯಾನ. ಒಂದು ಗೋಲು ಹೊಡದ್ರ ನಿಮ್ಮ ತಮ್ಮನ ಜಲ್ಮ ದಾಟ್ತು" ಅಂದ.

ನಮ್ಮಾತ ಕುಣದಾಡಿಬಿಟ್ಟ. ಕಂಡಕಂಡವರಿಗೆಲ್ಲ, "ನನ್ನ ತಮ್ಮ ಇಂಜಿನ್ ಹತ್ತತಾನ" ಅಂತ ಸಾರಿಕೋತ ತಿರುಗಿದ. ಮನಿಗೆ ಬಂದ್ರ ಬ್ಯಾರೇನೇ ಮಾತು.

"ಲಿಂಗಿ, ಗುಂತಕಲ್ಲು ಭಾಳ ದೂರ ಏನ?"

"ರೈಲು ಹತ್ತಿದ್ರ ಒಂದು ನಿದ್ದಿ ಮಾಡೋದ್ರಾಗ ಬರತೈತಂತ" ಅಂದೆ.

"ಹಂಗಲ್ಲ. ಕುರಿ ಹೊಡಕೊಂಡು ಹೋದ್ರ?"

ಕುರಿ ಹೊಡಕೊಂಡು ಯಾರು ಹೋಗ್ತಾರ ಗುಂತಕಲ್ಲಿಗೆ?

ಮ್ಯಾಚಿನ ದಿನ ಕುರಿ ನನ್ನ ತಮ್ಮ ಹೊನ್ನೂರಪ್ಪಗ ಒಪ್ಪಿಸಿ ಹೊಂಟ್ವಿ. ಈತನ್ನ ಒಬ್ಬನ್ನ ಕಳಿಸಿದ್ರ ಎಲ್ಲಿ ಇಳದು ಎಲ್ಲಿ ಹೋಗ್ತಾನೋ ಅಂತ ನಾನೂ ರೊಟ್ಟಿಗಂಟು ಕಟ್ಟಿಕೊಂಡು ಬೆನ್ನು ಹತ್ತಿದೆ. ಜರ್ಮನಿ ಯುದ್ಧದ ಕಾಲ. ರೈಲಿನ ತುಂಬ ಸಿಪಾಯಿಗಳು, ಕಾಲಿಡಾಕ ಜಾಗ ಇಲ್ಲ. ಅಷ್ಟರಾಗೂ ನಮ್ಮಾತ ಸ್ಟೇಶನ್ ಬಂದಂಗೆಲ್ಲ ಇಳಿಯೋನು, ಹತ್ತೋನು. ಆಸ್ಪರಿಯಾಗ ರೈಲು ಬಿಟ್ಟೇ ಬಿಡ್ತು, ಈತ ಇನ್ನಾ ಕೆಳಗ! ಓಡಿ ಬಂದ. ನಾನು ಕಂಬಳಿ ಹಿಡದು ದರದರ ಎಳಕೊಂಡೆ.

"ನಿನ್ನ ಕಾಲು ಮುರದು ಕೈಯಾಗ ಕೊಡ್ತೀನಿ ನೋಡು, ಇನ್ನೊಮ್ಮಿ ಇಳದ್ರ" ಅಂದೆ.

ಆಟದ ಹುಡುಗರೆಲ್ಲ ಬಿದ್ದು ಬಿದ್ದು ನಕ್ರು. ಉರುಕುಂದನೂ ನಕ್ಕ. "ಅತ್ತಿಗಿ, ಅಣ್ಣನ ಕೊರಳಿಗೆ ಒಂದು ಗಂಟಿ ಕಟ್ಟು" ಅಂದ.

ಗುಂತಕಲ್ಲಿನ ಬಯಲು ದೊಡ್ಡದು. ರೈಲ್ವೆಯವರ ಕಾಲಿಗೆಲ್ಲ ಬೂಟು, ನಮ್ಮವರು ಬರಿಗಾಲು. ಫೋರ್ಮನ್ ದೊರಿ ಟೋಪಿ ಹಾಕ್ಕೊಂಡು ಕುರ್ಚಿ ಮ್ಯಾಲೆ ಕುಂತಿದ್ದ. ಹೆಂಗಸು ಅಂದ್ರ ನಾನೊಬ್ಬಾಕಿ. ಸೆರಗು ತಲಿತುಂಬ ಹೊದ್ದು ಬೇವಿನಗಿಡದ ಬುಡಕ ಕುಂತೆ. ನಮ್ಮಾತ ಗೆರಿ ಗುಂಟ ಆ ಕಡಿ ಹೋಗೋದು, ಈ ಕಡಿ ಬರೋದು. ಚೆಂಡು ಎತ್ತ ಹೋದ್ರ ಅತ್ತ. ಆಟದವರಿಗಿಂತ ಈತನೇ ಹೆಚ್ಚು ಬೆವರಿದ್ದ.

ನಡುನಡುವ ರೆಫ್ರಿ ತನ್ನ ಪೀಪಿ ಊದೋನು. ಊದಿದಾಗೆಲ್ಲ ನಮ್ಮಾತಗ ಸಿಟ್ಟು. "ಇವನ ಬಾಯಿಗೆ ಮಣ್ಣು ಹಾಕ. ಇದೂ ಒಂದು ಸಿಳ್ಳೇನು? ಹೋಗಂತಾನೋ, ಬಾ ಅಂತಾನೋ, ಒಂದೂ ತಿಳಿಯವಲ್ದು" ಅಂತ ನನ್ನ ಮುಂದ ಬಂದು ಬೈದು ಹೋದ.

ಅವರದೊಂದು ಗೋಲು, ನಮ್ಮದೊಂದು ಗೋಲು. ನಮ್ಮದು ಮೌಲಾಲಿ ಹೊಡದದ್ದು, ಉರುಕುಂದನದಲ್ಲ. ಹೊತ್ತು ಇಳೀತು. ಇನ್ನೇನು ಆಟ ಮುಗೀತೈತಿ ಅನ್ನೋದ್ರಾಗ ಚೆಂಡು ಉರುಕುಂದನ ಕಾಲಿಗೆ ಬಂತು. ಒಬ್ಬನ್ನ ದಾಟಿದ, ಇನ್ನೊಬ್ಬನ್ನ ದಾಟಿದ. ಮುಂದ ಗೋಲು ಕಾಯೋನು ಬಿಟ್ರ ನರಪಿಳ್ಳಿ ಇಲ್ಲ. ದೊರಿ ಕುರ್ಚಿ ಬಿಟ್ಟು ಎದ್ದ. ನಾನೂ ಎದ್ದೆ, ಸೆರಗು ಎಲ್ಲಿ ಬಿತ್ತೋ ಗೊತ್ತಿಲ್ಲ.

ಆಗ ಬಂತು ನೋಡ್ರಿ ಸಿಳ್ಳು. ನಮ್ಮಾತನ ಎರಡೂ ಬೆಳ್ಳು ಬಾಯಾಗ. ನಡುವ ಮುರದು ಕೆಳಗ ಇಳೀತು. ಬರೋ ಸಿಳ್ಳು.

ಉರುಕುಂದನ ಕಾಲು ನಿಂತುಬಿಟ್ವು. ಮಾರಿ ನಮ್ಮ ಕಡಿ ತಿರುಗಿತು. ಚೆಂಡು ಅದರ ಪಾಡಿಗೆ ಉರುಳಿಕೋತ ಹೋತು. ಗೋಲು ಕಾಯೋನು ಬಗ್ಗಿ ಎತ್ತಿಕೊಂಡು ಜಾಡಿಸಿ ಒದ್ದ. ನಮ್ಮವರೆಲ್ಲ ಇನ್ನಾ ಬಾಯಿ ಬಿಟ್ಟು ನಿಂತಿದ್ರು, ಅವರಾವ ಒಬ್ಬ ಆ ಚೆಂಡು ನಮ್ಮ ಗೋಲಿನಾಗ ತಂದು ಹಾಕಿದ. ಸೋತ್ವಿ.

"ಯಾಕಲೇ ನಿಂತಿ? ಏನಾಗಿತ್ತು ನಿನಗ?" ಮೌಲಾಲಿ ಉರುಕುಂದನ ಅಂಗಿ ಹಿಡದು ಎಳದಾಡಿದ.

ಉರುಕುಂದ ಅಣ್ಣನ ಕಡಿ ನೋಡಲಿಲ್ಲ. "ರೆಫ್ರಿ ಊದಿದ ಅಂದ್ಕೊಂಡೆ" ಅಂದ. ಸುಳ್ಳು. ದೊರಿ ಕೈ ಕೊಡವಿ ನಕ್ಕೋತ ಹೋಗೇಬಿಟ್ಟ.

ತಿರುಗಿ ಬರೋವಾಗ ನಮ್ಮಾತ ರೈಲಿನಾಗ ಒಂದು ಮೂಲಿ ಹಿಡದು ಕುಂತ. ಸ್ಟೇಶನ್ ಬಂತು, ಹೋತು. ಆಸ್ಪರಿ ಬಂತು, ಹೋತು. ಇಳಿಯಲಿಲ್ಲ, ಕಾಲು ಸುದ್ದ ಆಡಿಸಲಿಲ್ಲ. ಬೈದು ಬೈದು ಸಾಕಾಗಿದ್ದ ನನಗ ಆವತ್ತು ಹೆದರಿಕಿ ಆತು. ತಡಕೊಳ್ಳಾಕ ಆಗಲಿಲ್ಲ, ಕೇಳಿದೆ.

"ಯಾವ ಸಿಳ್ಳು ಹೊಡೀಬೇಕಂತ ಬಾಯಾಗ ಬೆಳ್ಳಿಟ್ಟಿ?"

"ಹೋಗೋದು, ಲಿಂಗಿ. ದೇವರಾಣಿ ಹೋಗೋದು. ಬಾಯಾಗ ಬರೋದೇ ಬಂತು."

"ನಿನ್ನ ಹೊಟ್ಟಿಯಾಗ ಇದ್ದದ್ದು ಬಂತು" ಅಂದೆ. ಅನ್ನಬಾರದಿತ್ತೇನೋ. ಆದ್ರ ಸಿಟ್ಟು ನೆತ್ತಿಗೇರಿತ್ತು ನನಗ. ಅವನ್ನ ಎತ್ತಿ ಆಡಿಸಿದಾಕಿ ನಾನೂ ಅಲ್ಲೇನು? ಅವನು ಹೋದ್ರ ನನಗೇನು ಸುಖ? ಆದ್ರೂ ನಾನು ಹೋಗಲಿ ಅಂತಿದ್ದೆ.

ಎದುರಿಗೆ ಕಣ್ಣು ಮುಚ್ಚಿ ಕುಂತಿದ್ದ ಉರುಕುಂದ ಕಣ್ಣು ತೆರದ. ಗಂಟು ಬಿಚ್ಚಿ, "ಅಣ್ಣಾ, ರೊಟ್ಟಿ ತಿನ್ನು" ಅಂದ. ಅಷ್ಟೇ.

ಆವತ್ತಿನಿಂದ ನಮ್ಮಾತ ಸಿಳ್ಳು ಬಿಟ್ಟ. ಕುರಿ ಹಿಂದ ಹೋ ಹೋ ಅಂತ ಒದರಿಕೋತ ಓಡೋನು. ಅವಕ್ಕೇನು ತಿಳೀತೈತಿ ಅದು? ಸಿಕ್ಕವರ ಹೊಲಕ್ಕ ನುಗ್ಗೋವು. ದಿನಾ ಒಬ್ಬರ ಕೂಡ ಜಗಳ. ಗಂಟಲು ಒಡದು ಹೋತು, ಆದ್ರೂ ಬೆಳ್ಳು ಬಾಯಾಗ ಇಡಲಿಲ್ಲ.

ಮುಂದಿನ ಹತ್ತಿ ಕಾಲಕ್ಕ ಗುಂತಕಲ್ಲಿನ ಟೀಮೇ ಆದವಾನಿಗೆ ಬಂತು. ಫೋರ್ಮನ್ ದೊರಿಯೂ ಬಂದಿದ್ದ. ಆವತ್ತು ನಮ್ಮಾತ ಹೊತ್ತು ಹುಟ್ಟೋಕಿಂತ ಮೊದಲೇ ಕುರಿ ಎಬ್ಬಿಸಿಕೊಂಡು ಕೌತಾಳದ ಹಾದಿ ಹಿಡದ. ಆದವಾನಿಗೆ ಬೆನ್ನು ಮಾಡಿ, ಎಷ್ಟು ದೂರ ಆಗ್ತೈತೋ ಅಷ್ಟು ದೂರ. ಹೊತ್ತು ಮುಳುಗಿದ ಮ್ಯಾಲೆ ಬಂದು, ಬಾಗಿಲದಾಗ ನಿಂತು ನನ್ನ ಮಾರಿ ನೋಡಿದ.

"ಎರಡು ಗೋಲು ಹೊಡದ್ನಂತ. ದೊರಿ ಕರದು ಕೆಲಸ ಕೊಟ್ಟಾನ" ಅಂದೆ.

ಅಲ್ಲೇ ಹೊಸ್ತಿಲ ಮ್ಯಾಲೆ ಕುಂತು ಅತ್ತುಬಿಟ್ಟ. ನಾನು ಬೈಯಲಿಲ್ಲ.

ಉರುಕುಂದ ಹೊರಡೋ ದಿನ ಸ್ಟೇಶನ್ನಿಗೆ ನಡಿ ಅಂದ್ರ ನಮ್ಮಾತ ಒಲ್ಲೆ ಅಂದ. "ಕುರಿಗೆ ಯಾರದಾರ?" ಅಂತ ನೆವ ತಗದ. ಸಂಜಿ ರೈಲು ನಮ್ಮ ಹಟ್ಟಿ ಹಿಂದೇ ಹಾದು ಹೋಗ್ತೈತಿ. ಕುರಿಯೆಲ್ಲ ದೊಡ್ಡಿಗೆ ಕೂಡಿಹಾಕಿ, ಬಾಯಿಗೆ ಮುಳ್ಳು ಎಳದು ಹಳಿ ಕಡಿ ಬಂದ್ವಿ. ರೈಲು ಬಂತು. ಬಾಗಿಲದಾಗ ಉರುಕುಂದ ನಿಂತು ಟವೆಲ್ ಬೀಸಿಕೋತ, "ಅಣ್ಣಾ" ಅಂತ ಒದರಿದ.

ನಮ್ಮಾತನ ಕೈ ಬಾಯಿಗೆ ಹೋತು. ಈಗೂ ಬರೋ ಸಿಳ್ಳೇ ಬಂದ್ರ? ಹಿಡೀಬೇಕಂತ ಓಡಿದೆ, ಸಿಗಲಿಲ್ಲ. ಸಿಳ್ಳು ಹೊಡದೇಬಿಟ್ಟ. ಉದ್ದಕ್ಕ, ಒಂದೇ ಉಸಿರಿಗೆ. ಎಲ್ಲೂ ಕಡೀಲಿಲ್ಲ.

ವರ್ಷದ ಮ್ಯಾಲೆ ಹೋಗೋ ಸಿಳ್ಳು ಕೇಳಿದ್ವಲ್ಲ ಕುರಿ, ಸುಮ್ನಿರ್ತಾವ? ಮುಳ್ಳು ಹಾರಿ, ಬೇಲಿ ಕೆಡವಿ, ಸೀದಾ ಯರ್ರೆಪ್ಪನ ಜ್ವಾಳದ ಹೊಲಕ್ಕ ನುಗ್ಗಿದ್ವು.

"ಅಯ್ಯೋ, ಕೆಟ್ವೆಲ್ಲೋ! ಕುರೀನ ಕರಿ! ಬರೋ ಸಿಳ್ಳು ಹೊಡಿ ಜಲ್ದಿ!" ಅಂತ ಬಾಯಿ ಬಾಯಿ ಬಡಕೊಂಡೆ.

ಆತ ಎರಡೂ ಕೈ ಗಟ್ಟಿ ಬಾಯಿ ಮ್ಯಾಲೆ ಒತ್ತಿ ಹಿಡಕೊಂಡು, ರೈಲು ಹೋದ ಕಡೀನೇ ನೋಡಿಕೋತ ನಿಂತಿದ್ದ. ಹಿಂದ ಜ್ವಾಳ ಮುರಿಯೋ ಸಪ್ಪಳ. ನಾನು ರಟ್ಟಿ ಹಿಡದು ಅಲುಗಾಡಿಸಿದೆ.

"ತಡಿ ಲಿಂಗಿ" ಅಂದ. "ರೈಲು ಇನ್ನಾ ಕೇಳೋ ದೂರದಾಗ ಐತಿ."