ಕೌದಿ ಹೊದ್ದ ಮೋಟಾರು

ನಮ್ಮ ಸೀಮೆಯಲ್ಲಿ ಮನೆಗೆ ಹೊಸದಾಗಿ ಬಂದ ಯಾವ ವಸ್ತುವೂ ಬರಿಮೈಯಲ್ಲಿ ನಿಲ್ಲುವಂತಿಲ್ಲ. ರೇಡಿಯೋ ಬಂದರೆ ಅದಕ್ಕೊಂದು ಕಸೂತಿಯ ಗವಸು, ಟ್ರಂಕಿಗೊಂದು ಹಚ್ಚಡ, ಟಿ.ವಿ.ಗೊಂದು ನೆರಿಗೆಯ ಪರದೆ. ಬೇಸಿಗೆಯಲ್ಲಿ ಮನುಷ್ಯರು ಬನಿಯನ್ನನ್ನೂ ಕಳಚಿಟ್ಟು ಕೂರುವ ಗಂಗಾವತಿಯಲ್ಲಿ ವಸ್ತುಗಳು ಮಾತ್ರ ಮೈತುಂಬ ಹೊದ್ದುಕೊಂಡು ಸಂಭಾವಿತರಂತೆ ಇರುತ್ತವೆ. ಈ ಶಿಷ್ಟಾಚಾರದ ಬಗ್ಗೆ ನನಗೇನೂ ತಕರಾರು ಇರಲಿಲ್ಲ, ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಗೆ ಬಟ್ಟೆ ಒಗೆಯುವ ಮಷೀನು ಬರುವ ತನಕ.

ಮಷೀನು ಬಂದದ್ದು ನನ್ನ ಹೆಂಡತಿ ಗಿರಿಜೆಯ ಭುಜದ ಕಾರಣಕ್ಕೆ. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೆಳಗ್ಗೆ ಎದ್ದು ರೊಟ್ಟಿ ಬಡಿದು, ಬಟ್ಟೆ ಬಡಿದು ಹೊರಡುವ ಹೊತ್ತಿಗೆ, ಶಾಲೆಯಲ್ಲಿ ಬಡಿಯಬೇಕಾದವರಿಗಾಗಿ ಕೈಯಲ್ಲಿ ತ್ರಾಣವೇ ಉಳಿಯುತ್ತಿರಲಿಲ್ಲ. ಮಕ್ಕಳಿಗೆ ಇದರಿಂದ ಲಾಭವಾಗಿರಬಹುದು. ಗಿರಿಜೆಯ ಬಲಗೈ ಮಾತ್ರ ತಲೆ ಬಾಚಲೂ ಮೇಲೆ ಏಳದಂತಾಯಿತು.

ಅವ್ವನಿಗೆ ಇದು ಹಿಡಿಸಲಿಲ್ಲ. ಆಕೆ ಬೇವೂರಿನ ಒಕ್ಕಲುತನದ ಮನೆಯವಳು. ಮಷೀನನ್ನು ಬಚ್ಚಲಿನ ಪಕ್ಕ ಇಳಿಸಿದಾಗ ಒಂದು ಸುತ್ತು ಹಾಕಿ ನೋಡಿ, "ಅರಿವಿ ಒಗ್ಯಾಕ ತಂದ್ರಿ, ಛಲೋ ಆತು. ಉಣ್ಣಾಕ ಯಾವಾಗ ತರ್ತೀರಿ?" ಎಂದಳು. ಅಲ್ಲಿಂದ ಅತ್ತೆ-ಸೊಸೆಯರ ಮಾತುಕತೆ ನನ್ನ ಮುಖಾಂತರ ನಡೆಯತೊಡಗಿತು. ಇಬ್ಬರೂ ಎದುರಾಬದುರು ಕೂತು, "ಹುಣಸಿಹಣ್ಣು ಎಲ್ಲೈತಿ ಕೇಳು ಆಕಿನ್ನ" ಎಂದು ಒಬ್ಬರು, "ಗಡಿಗ್ಯಾಗ ಐತಿ ಅಂತ ಹೇಳ್ರಿ" ಎಂದು ಇನ್ನೊಬ್ಬರು. ನಡುವೆ ನಾನು, ರಜೆಯಿಲ್ಲದ ಅಂಚೆ ಇಲಾಖೆ.

ಹೀಗಿರುವಾಗ ಅವ್ವ ಸದ್ದಿಲ್ಲದೆ ಒಂದು ಕೌದಿ ಹೊಲಿಯಲು ಕೂತಳು. ತನ್ನ ಹಳೆಯ ಸೀರೆಗಳು, ತೀರಿಹೋದ ಅಪ್ಪನ ಧೋತರದ ಅಂಚು, ಗಿರಿಜೆಯ ಹರಿದ ಇಳಕಲ್ ಸೀರೆಯ ಸೆರಗು, ಎಲ್ಲವನ್ನೂ ಪದರ ಪದರವಾಗಿ ಜೋಡಿಸಿ ಹೊಲಿದಳು. ಮುಗಿದ ಮೇಲೆ ನೋಡಿದರೆ ಅದು ಹಾಸಿಗೆಯ ಅಳತೆಯದಲ್ಲ, ಮಷೀನಿನ ಅಳತೆಯದು. ಹಬ್ಬದ ಎತ್ತಿಗೆ ಝೂಲ ಹೊದಿಸಿದಂತೆ ಸುತ್ತಲೂ ನೆಲ ಮುಟ್ಟುವ ಹಾಗೆ ಹೊದಿಸಿ, ಮೇಲೆ ಬಟ್ಟೆ ಹಾಕಲು ಮಾತ್ರ ಬಾಯಿ ಬಿಟ್ಟಿದ್ದಳು. "ತಗೋಳವ್ವಾ ಗಿರಿಜಾ, ನಿನ್ನ ಮಷೀನಿಗಿ ಥಂಡಿ ಹತ್ತೀತು" ಎಂದಳು. ಎಷ್ಟೋ ದಿನಗಳ ಮೇಲೆ ನೇರವಾಗಿ ಆಡಿದ ಮೊದಲ ಮಾತು. ಅಂಚೆ ಇಲಾಖೆ ಅಂದೇ ಮುಚ್ಚಿತು.

ಮೋಟಾರು ಕಾಯಲು ಶುರುವಾದದ್ದು ಅದರ ಮರುವಾರ. ಸ್ವಲ್ಪ ಹೊತ್ತು ತಿರುಗುವುದು, ಸುಟ್ಟ ಬಣ್ಣದ ವಾಸನೆ ಬಿಡುವುದು, ನಿಂತುಬಿಡುವುದು. ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ತಿರುಗುವುದು. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ನನ್ನ ಮನೆಯಲ್ಲೇ ಕಾರಣ ತಿಳಿಯದ ಕಾರ್ಯವೊಂದು ನಡೆಯುವುದೆಂದರೆ ಮಾನದ ಪ್ರಶ್ನೆ. ನಮ್ಮ ಪ್ರಾಚೀನ ತಾರ್ಕಿಕರು ದೂರದ ಗುಡ್ಡದ ಮೇಲೆ ಹೊಗೆ ಕಂಡು, ಅಲ್ಲಿ ಬೆಂಕಿಯಿದೆಯೆಂದು ಊಹಿಸಿ ನೆಮ್ಮದಿಯಾಗಿ ಕೂತರು. ಅವರಿಗೆ ಅದು ಸಾಧ್ಯವಾಯಿತು, ಏಕೆಂದರೆ ಆ ಗುಡ್ಡ ಅವರ ಹೆಂಡತಿಯದಾಗಿರಲಿಲ್ಲ.

ಮೊದಲು ವೋಲ್ಟೇಜನ್ನು ಅನುಮಾನಿಸಿದೆ. ಅಕ್ಕಿ ಗಿರಣಿಗಳೂ ಕಾಲುವೆ ಬಯಲಿನ ಪಂಪುಗಳೂ ಏಕಕಾಲಕ್ಕೆ ಎದ್ದರೆ ನಮ್ಮ ಬಲ್ಬಿನೊಳಗೆ ಒಂದು ಕೆಂಪು ಹುಳು ಮಲಗಿದಂತಷ್ಟೇ ಕಾಣುತ್ತಿತ್ತು. ಬಲ್ಬು ಪೂರ್ತಿ ಉರಿಯುವ ನಸುಕಿನಲ್ಲಿ ಒಗೆಸಿದೆ, ಕಾಯಿತು. ಬಟ್ಟೆಯನ್ನು ಅರ್ಧಕ್ಕಿಳಿಸಿದೆ, ಕಾಯಿತು. ಕೌದಿ ತೆಗೆದು, ಮಷೀನನ್ನು ಮಗ್ಗುಲಾಗಿಸಿ, ಬೆಲ್ಟಿನ ಬಿಗಿ ನೋಡಿ, ನೀರು ತಿರುಗಿಸುವ ತಟ್ಟೆಯನ್ನು ಬಿಚ್ಚಿದೆ. ಅದರಡಿ ಒಂದು ಸೀಮೆಸುಣ್ಣದ ತುಂಡು ಸಿಕ್ಕಿತು. ಗಿರಿಜೆಯ ಕಡೆ ಅರ್ಥಪೂರ್ಣವಾಗಿ ನೋಡಿದೆ. "ನಿಮ್ಮ ಜುಬ್ಬಾದ ಕಿಸೆದ್ದರಿ ಅದು" ಎಂದಳು. ಇಬ್ಬರೂ ಶಿಕ್ಷಕರಾದ್ದರಿಂದ ತನಿಖೆ ಅಲ್ಲಿಗೆ ನಿಂತಿತು. ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಕೌದಿಯನ್ನು ಜೋಪಾನವಾಗಿ ಹೊದಿಸಿ ಸ್ವಿಚ್ಚು ಹಾಕಿದೆ. ಕಾಯಿತು.

ಕೊನೆಗೆ ಒಂದು ದಿನ ಅವ್ವ, ಕೌದಿಯ ಮೇಲೆ ಸೋಪಿನ ಕಲೆಗಳಾಗಿವೆಯೆಂದು, ಅದನ್ನು ಓಣಿಯ ಹೆಂಗಸರೊಡನೆ ಕಾಲುವೆಗೆ ಒಗೆಯಲು ಒಯ್ದಳು. ಅಂದು ಮಷೀನು ಬರಿಮೈಯಲ್ಲಿ ದುಡಿಯಿತು. ಹಾಸಿಗೆಯ ದಪ್ಪ ಹೊದಿಕೆಗಳನ್ನು ಹಾಕಿದರೂ ನಿಲ್ಲಲಿಲ್ಲ, ವಾಸನೆ ಬರಲಿಲ್ಲ. ಒಂದು ಇದ್ದಾಗ ಇನ್ನೊಂದು ಇರುತ್ತದೆ, ಅದು ಇಲ್ಲದಾಗ ಇದೂ ಇಲ್ಲ: ಅನ್ವಯ, ವ್ಯತಿರೇಕ! ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದು ಅಳಿಸಿದ್ದು ಬಚ್ಚಲ ಬಾಗಿಲಲ್ಲಿ ಮೂರ್ತಿವೆತ್ತು ನಿಂತಿತ್ತು. ಹಿಂಬದಿಗೆ ಬಗ್ಗಿ ನೋಡಿದೆ. ಮೋಟಾರಿಗೆ ಗಾಳಿ ಹೋಗಲು ಸಾಲಾಗಿ ಸೀಳುಗಳಿದ್ದವು. ಕೌದಿಯ ಅತಿ ದಪ್ಪನೆಯ ಪದರ ಬಂದು ಕೂರುತ್ತಿದ್ದದ್ದು ಸರಿಯಾಗಿ ಅಲ್ಲೇ.

ಗೆದ್ದ ಮುಖ ಹೊತ್ತು ಗಿರಿಜೆಗೆ ಹೇಳಿದರೆ ಆಕೆಯ ಮುಖ ಸಣ್ಣದಾಯಿತು. "ಅತ್ತಿಯವರಿಗೆ ಹೇಳಬ್ಯಾಡ್ರಿ."

"ಮೋಟಾರ್ ಸುಡತೈತಲ್ಲ?"

"ಸುಟ್ರ ಸುಡ್ಲಿ. ಭುಜ ನೂಸಿದ್ರ ನೂಸ್ಲಿ. ಆ ಕೌದಿ ಕೊಟ್ಟ ಮ್ಯಾಲ ಅವ್ರು ನನ್ನ ಕೂಡ ನಕ್ಕೋತ ಮಾತಾಡಾಕತ್ತಾರ್ರಿ."

ಕೌದಿ ಉಳಿಯಬೇಕು, ಮೋಟಾರೂ ಉಳಿಯಬೇಕು. ಆದ್ದರಿಂದ ಒಂದು ಒಳಸಂಚು ನಡೆಯಿತು. ಮಷೀನು ತಿರುಗುವಾಗ ಕೌದಿಯ ಹಿಂದಿನ ಅಂಚನ್ನು ಎತ್ತಿ ಹಿಡಿಯುವುದು, ಅವ್ವನ ಕೆಮ್ಮು ಕೇಳಿದೊಡನೆ ಬಿಡುವುದು. ಹಿಡಿಯುವ ಕೆಲಸ ನನ್ನದು. ಪದವಿ ಪಡೆದು, ವಿದ್ಯಾರ್ಥಿಗಳಿಂದ ನಮಸ್ಕಾರ ಮಾಡಿಸಿಕೊಳ್ಳುವ ಮನುಷ್ಯ ಪ್ರತಿ ಮುಂಜಾನೆ ಮಷೀನಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ರಥೋತ್ಸವದ ಛತ್ರಿಯವನ ಗಾಂಭೀರ್ಯದಲ್ಲಿ ಕೌದಿ ಎತ್ತಿ ಹಿಡಿಯುತ್ತಿದ್ದ.

ಒಂದು ದಿನ ಅವ್ವ ಕೆಮ್ಮಲಿಲ್ಲ.

"ಏನೋ ತಮ್ಮಾ," ಎಂದಿತು ನೆತ್ತಿಯ ಮೇಲಿಂದ ಧ್ವನಿ, "ಅದರ ಲಂಗ ಎತ್ತಿಕೊಂಡು ಏನ್ ಮಾಡಾಕತ್ತಿ?"

ತಡವರಿಸುತ್ತ ಎಲ್ಲ ಹೇಳಿದೆ. ಅನ್ವಯ, ವ್ಯತಿರೇಕ, ಸೀಳು, ಗಾಳಿ. ಅಷ್ಟರಲ್ಲಿ ಗಿರಿಜೆಯೂ ಓಡಿ ಬಂದಳು. ಅವ್ವ ಪೂರ್ತಿ ಕೇಳಿದಳು.

"ಅಂದ್ರ ನನ್ನ ಕೌದಿಯಿಂದ ಅದಕ್ಕ ಉಸಿರು ಕಟ್ಟತಿತ್ತು. ನಿಮಗಿಬ್ಬರಿಗೂ ಗೊತ್ತಿತ್ತು. ನನಗ ಹೇಳಲಿಲ್ಲ."

"ನಿಮಗ ಬ್ಯಾಸರ ಆದೀತಂತ ಅತ್ತಿ..."

"ಹಂಗ ಮುಚ್ಚಿಡೂದು ಬೀಗರ ಮುಂದ. ನಾ ಈ ಮನಿಗಿ ಬೀಗತಿ ಆಗಿ ಬಂದೀನೇನು?"

ಕೌದಿಯನ್ನು ಎಳೆದು, ಮಡಿಚಿ, ಬಗಲಲ್ಲಿಟ್ಟುಕೊಂಡು ತನ್ನ ಕೋಣೆಗೆ ಹೋದಳು. ಊಟಕ್ಕೆ ಬಂದಳು, ಉಂಡಳು, ಎದ್ದಳು, ಮಾತಿಲ್ಲ. ಗಿರಿಜೆಯ ಕಣ್ಣು ತುಂಬಿತ್ತು. ಅಂಚೆ ಇಲಾಖೆಯ ಬಾಗಿಲು ಮತ್ತೆ ತೆರೆಯುವುದೇ ಎಂದು ನಾನು ಮನಸ್ಸಿನಲ್ಲಿ ತಯಾರಾಗುತ್ತಿದ್ದೆ.

ಇಳಿಹೊತ್ತಿಗೆ ಅವ್ವ ಹೊರಗೆ ಬಂದಳು. ಕೈಯಲ್ಲಿ ಅವಳದೇ ಎರಡು ಸೀರೆಗಳು. ಅಲ್ಲಿಯವರೆಗೆ ಒಂದು ಸಲವೂ ತನ್ನ ಸೀರೆಯನ್ನು ಆ ಮಷೀನಿಗೆ ಕೊಟ್ಟವಳಲ್ಲ. ಸೊಸೆಯ ಕೈಗೆ ಹಾಕಿ, "ಇವನ್ನೂ ಒಗೀಲಿ ತಗೋ. ನನ್ನ ರಟ್ಟೀನೂ ಭಾಳ ನೂಸ್ತಾವು" ಎಂದಳು.

"ಅಯ್ಯ, ಯಾಕ ಹೇಳಲಿಲ್ರೀ ಅತ್ತಿ?"

"ನಿನಗ ಕೆಲಸ ಹೆಚ್ಚಾದೀತಂತ."

ಇಬ್ಬರೂ ನಕ್ಕರು. ಸಂಸಾರದ ಕಾವು ಬಹುಪಾಲು ಹುಟ್ಟುವುದು ಜಗಳದಿಂದಲ್ಲ, ಒಬ್ಬರ ಮೇಲೊಬ್ಬರು ಪ್ರೀತಿಯಿಂದ ಹೊದಿಸುವ ಮರ್ಯಾದೆಯಿಂದ ಎಂಬ ಗಂಭೀರ ವಿಚಾರ ಆಗ ನನಗೆ ಹೊಳೆಯಿತು. ಅದನ್ನು ಬಾಯಿಬಿಟ್ಟು ಹೇಳಬೇಕೆನ್ನುವಷ್ಟರಲ್ಲಿ ಅವ್ವ ನನ್ನ ಕಡೆ ತಿರುಗಿದಳು.

"ಹೆಂಗೂ ಮಾತು ಬಂದೈತಿ, ಒಂದು ಹೇಳಿಬಿಡ್ತೀನಿ ತಮ್ಮಾ. ನೀ ಆಯಿತವಾರಕ್ಕೊಮ್ಮೆ ಉಪ್ಪಿಟ್ಟು ಮಾಡ್ತಿಯಲ್ಲ, ಅದನ್ನ ನಾ ತಿನ್ನಂಗಿಲ್ಲ. ಹಿತ್ತಲಕ್ಕ ಬರೂ ಆಕಳಿಗಿ ಹಾಕ್ತೀನಿ."

ಗಿರಿಜೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಸಾವರಿಸಿಕೊಂಡು, "ಆಕಳಾದ್ರೂ ತಿಂತೈತೇನು?" ಎಂದೆ.

ಅವ್ವ ಕೊಂಚ ಯೋಚಿಸಿದಳು. "ಮೊದಲ ಮೊದಲ ತಿಂತಿತ್ತು" ಎಂದಳು.

ಮುಂದಿನ ಆಯಿತವಾರ ನನ್ನ ಪಕ್ಕದಲ್ಲೇ ನಿಂತು, ರವೆಯನ್ನು ಎಲ್ಲಿಯ ತನಕ ಹುರಿಯಬೇಕೆಂದು ತೋರಿಸಿಕೊಟ್ಟಳು. ತಟ್ಟೆ ತಗೊಂಡು ನಮ್ಮೆದುರೇ ಕೂತು ತಿಂದಳು. ಆಕಳು ಎಂದಿನಂತೆ ಹಿತ್ತಲ ಬಾಗಿಲಿಗೆ ಬಂದು, ಒಳಗೆ ಇಣುಕಿ, ಏನೂ ಸಿಗದೆ ತಿರುಗಿ ಹೋಯಿತು. ನನಗೆ ಕಂಡ ಮಟ್ಟಿಗೆ, ನಿರಾಶೆಯಿಂದಲ್ಲ.