ಉಬ್ಬದ ಢೋಕ್ಲಾ

ರಾಜಾಜಿನಗರದಲ್ಲಿ ಇನ್ನೂ ಮೆಟ್ರೊ ಕಂಬಗಳು ಎದ್ದಿರಲಿಲ್ಲ. ನಾನು ಪಿಯುಸಿ ಓದುತ್ತಿದ್ದೆ. ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಗುಜರಾತಿ ಆಂಟಿಯೊಬ್ಬರಿದ್ದರು. ಭಾನುವಾರ ಬಂತೆಂದರೆ ಅವರ ಮನೆಯಿಂದ ಒಂದು ತಟ್ಟೆ ಢೋಕ್ಲಾ ಕೆಳಗಿಳಿಯುತ್ತಿತ್ತು. ಹಳದಿ ಬಣ್ಣ, ಮುಟ್ಟಿದರೆ ಮೆತ್ತಗೆ, ಮೇಲೆ ಸಾಸಿವೆ, ಹಸಿಮೆಣಸಿನಕಾಯಿ ಒಗ್ಗರಣೆ. ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ.

ಒಮ್ಮೆ ಆಂಟಿ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಎರಡು ಭಾನುವಾರ ಢೋಕ್ಲಾ ಇಲ್ಲ. ಮೂರನೇ ವಾರ ಅಮ್ಮ ಮೇಲೆ ಹೋಗಿ, "ಈ ಸಲ ನಾನು ಮಾಡಿ ತರ್ತೀನಿ ರೀ" ಎಂದು ಹೇಳಿಯೇ ಬಂದಳು.

ಸೋಡಾ ಹಾಕಬೇಕೆಂದು ಅಮ್ಮನಿಗೆ ಗೊತ್ತಿತ್ತು. ಯಾವಾಗ ಎಂದು ಕೇಳಲು ಜಂಬ ಬಿಡಲಿಲ್ಲ. ಬೀದಿಗೆಲ್ಲ ತನ್ನ ಇಡ್ಲಿಯೇ ಮೆತ್ತಗೆ ಅನ್ನಿಸಿಕೊಂಡವಳು! ಶನಿವಾರ ಸಂಜೆಯೇ ಕಡಲೆಹಿಟ್ಟಿಗೆ ನಿಂಬೆರಸ, ಸೋಡಾ ಎಲ್ಲ ಹಾಕಿ ಕಲಸಿ, ಇಡ್ಲಿ ಹಿಟ್ಟಿನ ಹಾಗೆ ಹುದುಗು ಬರಲೆಂದು ಮುಚ್ಚಿಟ್ಟಳು. ಸೋಡಾ ಹಾಕಬೇಕಾದದ್ದು ನೀರು ಕುದಿದು, ಇನ್ನೇನು ಹಬೆಗೆ ಇಡಬೇಕು ಅನ್ನುವಾಗ. ಬೆಳಗಾಗುವಷ್ಟರಲ್ಲಿ ಅದರ ಜೋರೆಲ್ಲ ಇಳಿದಿತ್ತು.

ಭಾನುವಾರ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಹಲಗೆಯಂಥದ್ದೊಂದು ತಟ್ಟೆಗೆ ಅಂಟಿಕೊಂಡಿತ್ತು. ಅಮ್ಮನ ಮುಖ ಸಪ್ಪಗಾಯಿತು.

"ಕೊಡ್ಬೇಡಮ್ಮ, ನಗ್ತಾರೆ," ಅಂದೆ.

"ಹೇಳ್ಬಿಟ್ಟಿದೀನಿ ಕಣೇ, ಕಾಯ್ತಾ ಇರ್ತಾರೆ."

ಒಗ್ಗರಣೆ ಹಾಕಿ, ಕೊತ್ತಂಬರಿ ಉದುರಿಸಿ ಆದಷ್ಟು ಮಾನ ಮುಚ್ಚಿದೆವು. ಮೇಲೆ ಹೋದಾಗ ನಾನು ಅಮ್ಮನ ಬೆನ್ನ ಹಿಂದೆಯೇ ನಿಂತೆ. ಆಂಟಿ ಎಡಗೈಯಲ್ಲಿ ಚಮಚ ಹಿಡಿದು ಒತ್ತಿದರು. ಚಮಚ ಇಳಿಯಲಿಲ್ಲ.

"ಉಬ್ಬಲೇ ಇಲ್ಲ ಕಣ್ರೀ," ಎಂದ ಅಮ್ಮನ ದನಿ ಸಣ್ಣಗಾಗಿತ್ತು. ಪಕ್ಕದಲ್ಲಿ ಕೂತು, ತಾನೇ ಒಂದು ತುಂಡು ಮುರಿದು ಅವರ ಬಾಯಿಗಿಟ್ಟಳು.

ಆಂಟಿ ನಗುತ್ತಾರೆಂದು ಕಾದೆ. ನಗಲಿಲ್ಲ. ಅಗಿಯುತ್ತ ಅಗಿಯುತ್ತ ಅವರ ಕಣ್ಣು ತುಂಬಿತು.

"ಮದುವೆಯಾಗಿ ಈ ಊರಿಗೆ ಬಂದು ಹದಿನೆಂಟು ವರ್ಷ ಆಯ್ತು. ಎಲ್ಲರಿಗೂ ನಾನೇ ಢೋಕ್ಲಾ ಮಾಡಿ ಕೊಟ್ಟಿದೀನಿ. ಇನ್ನೊಬ್ರು ಮಾಡಿ ನಂಗೆ ಕೊಟ್ಟಿದ್ದು ಇದೇ ಫಸ್ಟು."

ಎರಡು ವರ್ಷ ಅವರ ತಟ್ಟೆ ಖಾಲಿ ಮಾಡಿದವಳು ನಾನು. ಅವರಿಗೆ ಯಾರು ಮಾಡಿಕೊಡುತ್ತಾರೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಬಹಳ ನಾಚಿಕೆಯಾಯಿತು.

"ಸಾಕು ಬಿಡಿ, ಕಲ್ಲಾಗಿದೆ," ಎಂದು ಅಮ್ಮ ತಟ್ಟೆ ಎತ್ತಲು ಹೋದಳು.

ಆಂಟಿ ಎಡಗೈಯಲ್ಲಿ ತಟ್ಟೆ ಗಟ್ಟಿಯಾಗಿ ಹಿಡಿದುಕೊಂಡು, "ಇನ್ನೊಂದ್ ಕೊಡಿ," ಎಂದು ಬಾಯಿ ತೆರೆದರು.